ಮೂವತ್ತೊಂದು ಗುಂಡಿಗಳೂ ಒಂದು ಶಕಾರವೂ

ನಮ್ಮ ಕಡೆ ತಾಳಮದ್ದಳೆ ಮುಗಿಸಿ ಮನೆಗೆ ಹೊರಟವರು ಅರ್ಥಧಾರಿಗಳ ವಾದವನ್ನು ಮೆಲುಕು ಹಾಕುವ ಮೊದಲು ಮೈಕಿನವನಿಗೆ ನಾಲ್ಕು ಮಾತು ಬೈಯುವುದುಂಟು. ‘ಮೈಕಾಸುರನ ಉಪದ್ರ’ ಎಂಬ ಮಾತು ಹಳೆಯದೇ. ಆದರೆ ಆ ಅಸುರನ ಮರ್ಮ ಎಲ್ಲಿದೆಯೆಂದು ವಿಚಾರಿಸಿದವರು ಕಡಿಮೆ. ಕೆಲವು ವರ್ಷ ಕೂಟಗಳಲ್ಲಿ ಮೈಕಿನ ಪೆಟ್ಟಿಗೆಯ ಪಕ್ಕ ಕುಳಿತ ನನಗೆ ಅದು ಗ್ರಾಫಿಕ್ ಈಕ್ವಲೈಸರಿನಲ್ಲಿದೆ ಎಂದು ತೋರುತ್ತದೆ.

ಅದರಲ್ಲಿ ಸಾಲಾಗಿ 31 ಗುಂಡಿಗಳು. ಎಡತುದಿಯದ್ದು ಸೆಕೆಂಡಿಗೆ 20 ಕಂಪನಗಳ ಗುಡುಗಿನಂಥ ನಾದಕ್ಕೆ, ಬಲತುದಿಯದ್ದು 20,000 ಕಂಪನಗಳ ಅತಿಸೂಕ್ಷ್ಮ ನಾದಕ್ಕೆ. ಮೂರು ಗುಂಡಿ ಬಲಕ್ಕೆ ಸರಿದರೆ ಒಂದು ಸ್ಥಾಯಿ ಏರಿದಂತೆ. ಈಗ ಡಿಜಿಟಲ್ ಮಿಕ್ಸರಿನ ಪರದೆಯ ಮೇಲೆಯೇ ಈ ಸಾಲು ಮೂಡುತ್ತದೆ. ಲೆಕ್ಕ ಮಾತ್ರ ಅದೇ.

ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಬೆಳೆದಾಗ ಆ ‘ಕುಂಯ್’ ಹುಟ್ಟುತ್ತದೆ. ಸ್ಪೀಕರುಗಳನ್ನು ಮೈಕಿಗಿಂತ ಮುಂದೆ, ಸಭೆಯ ಕಡೆ ಮುಖಮಾಡಿ ಇಟ್ಟರೆ ಅರ್ಧ ರೋಗ ವಾಸಿ. ಮತ್ತೆ ಎಲ್ಲ ಗುಂಡಿಗಳನ್ನೂ ನಡುಗೆರೆಯಲ್ಲಿಟ್ಟು ಧ್ವನಿಯನ್ನು ಮೆಲ್ಲಗೆ ಏರಿಸಬೇಕು. ಮೊದಲು ಕೂಗತೊಡಗಿದ ಸ್ವರದ ಗುಂಡಿಯನ್ನು ಹುಡುಕಿ ಮೂರು ಡೆಸಿಬೆಲ್‌ನಷ್ಟು ಇಳಿಸಬೇಕು. ಹೀಗೆ ಮೂರು ನಾಲ್ಕು ಕಡೆ ಮಾಡಿ, ಕೊನೆಗೆ ಒಟ್ಟು ಧ್ವನಿಯನ್ನೇ ತುಸು ತಗ್ಗಿಸಿದರೆ ಕೂಟ ನಿರಾತಂಕ.

ಅವಸರದವರು ಹೀಗೆ ಮಾಡುವುದಿಲ್ಲ. ಕುಂಯ್ ಎಂದೊಡನೆ 2,000ದಿಂದ 8,000ದವರೆಗಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಕೆಳಗೆಳೆಯುತ್ತಾರೆ. ಕೂಗು ನಿಲ್ಲುತ್ತದೆ, ಜೊತೆಗೆ ಮಾತೂ ಸಾಯುತ್ತದೆ. ಸ್ವರಾಕ್ಷರಗಳ ಬಲವಿರುವುದು ಕೆಳಗಿನ ಭಾಗದಲ್ಲಿ. ಶ, ಸ, ಚ, ತಗಳ ಅಂಚಿರುವುದು ಮೇಲಿನ ಭಾಗದಲ್ಲಿ. ಹಳೆಯ ಟೆಲಿಫೋನು ಸುಮಾರು 3,400ರ ಮೇಲಿನದ್ದನ್ನು ಬಿಡುತ್ತಿದ್ದುದರಿಂದಲೇ ಹೆಸರನ್ನು ಎರಡೆರಡು ಬಾರಿ ಹೇಳಬೇಕಾಗುತ್ತಿತ್ತು. ಕೃಷ್ಣನ ಸಂಧಾನದ ಮಾತುಗಳೂ ಹಾಗೆಯೇ ಕೇಳಿಸಿದರೆ ಸಭೆಗೆ ಉಳಿಯುವುದು ಗದ್ದಲ ಮಾತ್ರ.

ಬೇರೆ ಊರಿನವರಿಗೆ ಇದು ಒಂದು ರಾತ್ರಿಯ ನಷ್ಟ. ನಮಗೆ ಹಾಗಲ್ಲ. 1956ರ ನವೆಂಬರ್ 1ರ ಅನಂತರ ಈ ನೆಲದ ಕನ್ನಡಕ್ಕೆ ಕಚೇರಿಯ ಬಾಗಿಲು ಕಿರಿದಾಯಿತು. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಎಷ್ಟೋ ಮಂದಿ ಇಂದು ಬೇರೆ ಮಾಧ್ಯಮದಲ್ಲಿ ಓದುತ್ತಾರೆ. ತುಂಬು ಕನ್ನಡದ ವಾಕ್ಯವೊಂದು ಹತ್ತು ನಿಮಿಷ ಕುಸಿಯದೆ ನಡೆಯುವುದನ್ನು ಅವರು ಕೇಳುವುದು ಈ ಕೂಟಗಳಲ್ಲೇ. ಅಲ್ಲಿ ಶಕಾರ ಸತ್ತರೆ ಪಾಠವೇ ಸತ್ತಂತೆ.

ನಮ್ಮಲ್ಲಿಗೆ ಬರುತ್ತಿದ್ದ ಮೈಕಿನ ಹುಡುಗನ ಮನೆಮಾತು ಮಲಯಾಳ. ಚೆಂಡೆಯೊಂದನ್ನೇ ನೋಡಿ ಗುಂಡಿ ಹೊಂದಿಸುತ್ತಿದ್ದ. ಒಮ್ಮೆ ಅವನನ್ನು ಹಿಂದಿನ ಸಾಲಿಗೆ ಕರೆದೊಯ್ದು, “ಮೋನೇ, ವಾಕ್ಕ್ ತಿರಿಯುಂಡೋ?” ಎಂದು ನನ್ನ ಹರುಕು ಮಲಯಾಳದಲ್ಲಿ ಕೇಳಿದೆ. ಅವನು ನಕ್ಕು, “ಇಲ್ಲ ಮಾಷೇ, ಒಚ್ಚ ಮಾತ್ರ” ಎಂದ. ಶ, ಷ, ಸಗಳ ಭೇದ ಅವನ ನುಡಿಯಲ್ಲೂ ಉಂಟಲ್ಲ! ಅಂದಿನಿಂದ ಅವನು ಮೊದಲು ಅರ್ಥಧಾರಿಯನ್ನು ಮಾತಾಡಿಸಿ, ಹಿಂದಿನ ಸಾಲಿಗೆ ನಡೆದು ಕೇಳಿ, ಆಮೇಲೆ ಗುಂಡಿ ಮುಟ್ಟುತ್ತಾನೆ.

ಉತ್ಸವ ಸಮಿತಿಯವರಲ್ಲಿ ಒಂದೇ ವಿನಂತಿ: ಮೈಕಿನವನನ್ನು ಎರಡು ಗಂಟೆ ಮೊದಲೇ ಬರಹೇಳಿ. ಅವನಿಗೂ ಒಂದು ಲೋಟ ಚಹಾ ಕೊಟ್ಟು, ಹಿಂದಿನ ಸಾಲಿನ ಅಜ್ಜಂದಿರಲ್ಲಿ ಕೇಳಿಸುತ್ತದೋ ಎಂದು ವಿಚಾರಿಸಲು ಹೇಳಿ.