ಬಾಗಿಲಲ್ಲಿ ಕೇಳುವ ಪ್ರಶ್ನೆ



ಲಂಡನ್ ನಗರದ ಲ್ಯಾಂಬೆತ್ ಭಾಗದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ವಿಶ್ವಗುರು ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಬಸವ ಜಯಂತಿಯಂದು ಅಲ್ಲಿಗೆ ಹೂವು ಹಿಡಿದು ಬರುವ ಶರಣ ಕುಟುಂಬಗಳಲ್ಲಿ, 2003ರಲ್ಲಿ ಧಾರವಾಡ ಜಿಲ್ಲೆಯಿಂದ ಉದ್ಯೋಗಕ್ಕಾಗಿ ತೆರಳಿ ಅಲ್ಲಿಯೇ ನೆಲೆನಿಂತ ಒಂದು ಕುಟುಂಬವೂ ಉಂಟು. ಯಜಮಾನರು ಕಂಪ್ಯೂಟರ್ ಕೆಲಸದವರು. ಧರ್ಮಪತ್ನಿಯವರು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ದುಡಿಯುವವರು. ಇಬ್ಬರೂ ಇಷ್ಟಲಿಂಗ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ತಮ್ಮ ವಾಸದ ಮನೆಯಲ್ಲದೆ, 2012ರಲ್ಲಿ ಬ್ಯಾಂಕಿನ ಸಾಲದಿಂದ ಕೊಂಡ ಇನ್ನೊಂದು ಚಿಕ್ಕ ಮನೆಯನ್ನು ಅವರು ಬಾಡಿಗೆಗೆ ಕೊಡುತ್ತಿದ್ದರು. ಅದರ ವ್ಯವಹಾರವೆಲ್ಲ ಏಜೆಂಟರ ಕೈಯಲ್ಲಿತ್ತು.

ಇಂಗ್ಲೆಂಡಿನ ಬಾಡಿಗೆ ಜಾಹೀರಾತುಗಳಲ್ಲಿ ಬಹುಕಾಲ ಎರಡು ಪದಗಳು ಅಚ್ಚಾಗುತ್ತಿದ್ದವು: ‘ನೋ ಡಿಎಸ್‌ಎಸ್’. ಕರ್ನಾಟಕದ ಓದುಗರಿಗೆ ಆ ಮೂರಕ್ಷರಗಳನ್ನು ಕಂಡೊಡನೆ ದಲಿತ ಸಂಘರ್ಷ ಸಮಿತಿಯ ನೆನಪಾಗುವುದು ಸಹಜ. ಅಲ್ಲಿ ಅದರ ಅರ್ಥ ಬೇರೆ. 1988ರಿಂದ 2001ರವರೆಗೆ ಇದ್ದ ಸಾಮಾಜಿಕ ಭದ್ರತಾ ಇಲಾಖೆಯ ಹೆಸರಿನ ಮೊದಲಕ್ಷರಗಳವು. ಸರ್ಕಾರದ ಸಹಾಯಧನ ಪಡೆಯುವವರಿಗೆ ಮನೆ ಕೊಡುವುದಿಲ್ಲ ಎಂಬುದೇ ಆ ಬರಹದ ತಾತ್ಪರ್ಯ. ಇಲಾಖೆ ಮುಚ್ಚಿಹೋದರೂ ಬರಹ ಮಾತ್ರ ಉಳಿಯಿತು. 2020ರ ಜುಲೈಯಲ್ಲಿ ಯಾರ್ಕ್ ನಗರದ ಕೌಂಟಿ ನ್ಯಾಯಾಲಯವು, ಇಬ್ಬರು ಮಕ್ಕಳ ಒಂಟಿ ತಾಯಿಯೊಬ್ಬಳ ಮೊಕದ್ದಮೆಯಲ್ಲಿ, ಇಂಥ ನಿರಾಕರಣೆಯು ಸ್ತ್ರೀಯರಿಗೂ ಅಂಗವಿಕಲರಿಗೂ ಮಾಡುವ ಪರೋಕ್ಷ ತಾರತಮ್ಯವೆಂದೂ, 2010ರ ಸಮಾನತಾ ಕಾಯಿದೆಗೆ ವಿರುದ್ಧವೆಂದೂ ತೀರ್ಪಿತ್ತಿತು. ಆ ಬಳಿಕ ಅಕ್ಷರಗಳು ವೇಷ ಮರೆಸಿಕೊಂಡವು. ಈ ದಂಪತಿಗಳ ಏಜೆಂಟರ ನಮೂನೆಯಲ್ಲಿ ಇದ್ದುದು ‘ವೃತ್ತಿಪರ ಉದ್ಯೋಗಸ್ಥರಿಗೆ ಮಾತ್ರ’ ಎಂಬ ಒಂದು ಚೌಕ. ಯಜಮಾನರು ವರ್ಷವರ್ಷವೂ ಅದರಲ್ಲಿ ಗುರುತು ಹಾಕಿ ಕಳುಹಿಸುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ, ವಿಚಾರವೂ ಇರಲಿಲ್ಲ.

2023ರ ಬೇಸಿಗೆಯಲ್ಲಿ ಮನೆ ಖಾಲಿಯಾಯಿತು. ಮನೆ ಕೇಳಿಬಂದವರ ಪಟ್ಟಿಯನ್ನು ಏಜೆಂಟರು ಮಿಂಚಂಚೆಯಲ್ಲಿ ಕಳುಹಿಸಿದರು. ಅದರಲ್ಲೊಂದು ಸಾಲು: ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ 20 ಗಂಟೆಗಳ ಕೆಲಸ ಮಾಡುವ ಮಹಿಳೆ, ನಡೆಯಲಾರದ ಒಬ್ಬ ಮಗ, ನೆಲಮಹಡಿಯ ಮನೆ ಬೇಕಾಗಿದೆ, ಯೂನಿವರ್ಸಲ್ ಕ್ರೆಡಿಟ್ ಪಡೆಯುತ್ತಾರೆ, ತಿರಸ್ಕರಿಸಲಾಗಿದೆ. ಸಂಜೆಯ ಪ್ರಸಾದದ ವೇಳೆಗೆ ಯಜಮಾನರು ಆ ಪಟ್ಟಿಯನ್ನು ಓದಿ ಹೇಳಿದರು. ಪತ್ನಿಯವರು ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

“ಆಕಿನ್ನ ಯಾಕ ಬ್ಯಾಡ ಅಂದ್ರಿ?”

“ನಾ ಅಂದಿಲ್ಲ, ಏಜೆಂಟ್ರು ಅಂದಾರ. ಸರ್ಕಾರದ ರೊಕ್ಕದ ಮ್ಯಾಲೆ ಇರೋರು. ಕಾಯಕ ಇಲ್ಲದವರಿಗೆ ಮನಿ ಕೊಟ್ಟು ಮುಂದ ಬಾಡಿಗಿ ಯಾರನ್ನ ಕೇಳೂದು?”

“ಶಾಲಿ ಮಕ್ಕಳಿಗೆ ಅಡಿಗಿ ಮಾಡೂದು ಕಾಯಕ ಅಲ್ಲೇನ್ರಿ? ಇರಲಿ. ಸರ್ಕಾರ ಬಾಡಿಗಿಗಂತ ಕೊಡೂ ಆ ರೊಕ್ಕ ಆಕಿ ಕೈಯಾಗ ಎಷ್ಟು ದಿನಾ ಇರತೈತಿ? ಮರುದಿನಾ ನಮ್ಮ ಕೈಗೆ ಬರತೈತಿ. ಹಂಗಂದಮ್ಯಾಲೆ ಸರ್ಕಾರದ ರೊಕ್ಕ ಉಣ್ಣೋರು ಯಾರ್ರಿ, ಆಕಿನೋ ನಾವೋ?”

ಯಜಮಾನರು ಉತ್ತರಿಸಲಿಲ್ಲ. ಅದಕ್ಕೆ ಹಿಂದಿನ ಭಾನುವಾರದ ಸತ್ಸಂಗದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಕುರಿತು ಮಾತನಾಡಿದವರು ಅವರೇ ಆಗಿದ್ದರು.

ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಅವರ ಚರಿತ್ರೆಯಲ್ಲಿ ಲಕ್ಕಮ್ಮನವರು ಪತಿಯನ್ನು ಎರಡು ಬಾರಿ ಎಚ್ಚರಿಸುತ್ತಾರೆ. ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತಾಯಿತೆಂದು ನೆನಪಿಸಿ ಎಬ್ಬಿಸಿದ್ದು ಒಂದು. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ್ದು ಮತ್ತೊಂದು. ಉಪನ್ಯಾಸಗಳಲ್ಲಿ ಮೊದಲನೆಯದೇ ಹೆಚ್ಚಾಗಿ ಕೇಳಿಬರುತ್ತದೆ, ಏಕೆಂದರೆ ಅದನ್ನು ಇತರರಿಗೆ ಹೇಳುವುದು ಸುಲಭ. ಎರಡನೆಯದು ಹೇಳುವವನ ಮನೆಯ ಕಣಜವನ್ನೇ ನೋಡುತ್ತದೆ. ಈ ಯಜಮಾನರೂ ಆ ಭಾನುವಾರ ಕಾಯಕದ ಮಹಿಮೆಯನ್ನು ವಿಸ್ತಾರವಾಗಿ ಹೇಳಿ, ಸುರಿದು ಬಂದ ಅಕ್ಕಿಯ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದರು. ಆ ರಾತ್ರಿ ಅವರನ್ನು ಕಾಡಿದ್ದು ಆ ಒಂದು ವಾಕ್ಯ. 2012ರಿಂದ ಮನೆಯ ಬೆಲೆ ಏರಿತ್ತು, ಬಾಡಿಗೆ ಏರಿತ್ತು. ಅದಕ್ಕಾಗಿ ಅವರು ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ. ಅಡುಗೆ ಮಾಡುವ ಆಕೆಯ ಕೂಲಿಯು ಆ ವೇಗದಲ್ಲಿ ಏರಿದ್ದರೆ ಸಹಾಯಧನದ ಅಗತ್ಯವೇ ಬರುತ್ತಿರಲಿಲ್ಲ.

ಮನೆಯೊಡೆಯರ ಭಯವೆಲ್ಲ ಸುಳ್ಳೆಂದು ಹೇಳಲಾಗದು. ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದವರ ಕೈಗೆ ಮೊದಲ ಹಣ ಬರಲು ಸಾಮಾನ್ಯವಾಗಿ ಐದು ವಾರಗಳು ಹಿಡಿಯುತ್ತವೆ. ಬ್ಯಾಂಕಿನ ಕಂತು ಐದು ವಾರ ಕಾಯುವುದಿಲ್ಲ. ಖಾಸಗಿ ಬಾಡಿಗೆದಾರರಿಗೆ ದೊರೆಯುವ ವಸತಿ ಸಹಾಯಕ್ಕೆ ಒಂದು ಮಿತಿಯುಂಟು. ಮೊದಲು ಆ ಮಿತಿಯು ಪ್ರದೇಶದ ಬಾಡಿಗೆಗಳ ನಡುಮಟ್ಟಕ್ಕೆ ಇತ್ತು. 2011ರಲ್ಲಿ ಅದನ್ನು ಕೆಳಗಿನ ಶೇಕಡಾ 30ರ ಮಟ್ಟಕ್ಕೆ ಇಳಿಸಲಾಯಿತು. 2020ರಲ್ಲಿ ಗೊತ್ತುಮಾಡಿದ ಮೊತ್ತವೇ 2024ರ ಏಪ್ರಿಲ್‌ವರೆಗೆ ಕದಲದೆ ನಿಂತಿತು, ಬಾಡಿಗೆಗಳು ಮಾತ್ರ ನಿಲ್ಲಲಿಲ್ಲ. ಕೊರತೆಯನ್ನು ಬಾಡಿಗೆದಾರರು ಊಟದ ಹಣದಿಂದ ತುಂಬಬೇಕಾಯಿತು. ಕೆಲವು ಸಾಲಪತ್ರಗಳಲ್ಲಿಯೂ ವಿಮಾಪತ್ರಗಳಲ್ಲಿಯೂ ಇಂಥವರಿಗೆ ಮನೆ ಕೊಡಬಾರದೆಂಬ ಷರತ್ತೇ ಇರುತ್ತಿತ್ತು. ತಮ್ಮ ಸಾಲಪತ್ರದಲ್ಲಿಯೂ ಅದು ಇರಬೇಕೆಂದು ಯಜಮಾನರು ಹನ್ನೊಂದು ವರ್ಷ ನಂಬಿದ್ದರು. ಕಪಾಟಿನಿಂದ ತೆಗೆದು ಪುಟಪುಟವಾಗಿ ಓದಿದಾಗ ಅಂಥ ಷರತ್ತು ಎಲ್ಲಿಯೂ ಇರಲಿಲ್ಲ.

ಅವರ ಬಾಲ್ಯದ ಮನೆ ಧಾರವಾಡದಲ್ಲಿ. ಮಹಡಿಯ ಎರಡು ಕೋಣೆಗಳನ್ನು ತಂದೆಯವರು ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಹೆಬ್ಬಾಗಿಲಿನ ಮೇಲೆ ಬಸವಣ್ಣನವರ ಚಿತ್ರ, ಅದರ ಕೆಳಗೆ ನಿಂತು, ಕೈಯಲ್ಲಿ ಟ್ರಂಕು ಹಿಡಿದು ಬಂದ ಹುಡುಗರಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, “ನೀವು ಯಾವ ಪೈಕಿ?” ಉತ್ತರ ಸರಿಬೀಳದಿದ್ದರೆ ಕೋಣೆ ಆಗಲೇ ಕೊಟ್ಟಾಯಿತೆಂದು ಹೇಳಿ ಕಳುಹಿಸುವುದು ರೂಢಿ. ಎದುರಿಗೆ ಬಂದವನನ್ನು ಹೊರಗಿನವನೆಂದು ಎಣಿಸದೆ ಮನೆಯ ಮಗನೆಂದು ಎಣಿಸಬೇಕೆಂದು ಬಸವಣ್ಣನವರು ಬೇಡಿಕೊಂಡ ವಚನವನ್ನು ಅದೇ ಮನೆಯಲ್ಲಿ ಪ್ರತಿ ಸೋಮವಾರ ಎಲ್ಲರೂ ಕೂಡಿ ಹಾಡುತ್ತಿದ್ದರು. ಇಂಥ ಮನೆಗಳು ಧಾರವಾಡದಲ್ಲಿ ಒಂದೇ ಇರಲಿಲ್ಲ, ಧಾರವಾಡದಲ್ಲಿ ಮಾತ್ರವೂ ಇರಲಿಲ್ಲ. 2003ರಲ್ಲಿ ಲಂಡನ್ನಿಗೆ ಬಂದ ಹೊಸತರಲ್ಲಿ ಯಜಮಾನರು ಒಂದು ಕೋಣೆಗಾಗಿ ದೂರವಾಣಿ ಮಾಡಿ, ತಮ್ಮ ಹೆಸರನ್ನು ಹೇಳಿದೊಡನೆ, ಆಗಲೇ ಕೊಟ್ಟಾಯಿತೆಂಬ ಅದೇ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದ್ದರು. ಆ ಸಂಗತಿಯನ್ನು ಅವರು ಎಷ್ಟೋ ಸಲ ಇತರರಿಗೆ ಹೇಳಿದ್ದುಂಟು. ಟ್ರಂಕು ಹಿಡಿದು ಮರಳಿದ ಹುಡುಗರ ಸಂಗತಿಯನ್ನು ಹೇಳಿರಲಿಲ್ಲ.

ಹೀಗೆ ಯೋಚಿಸುತ್ತ ಹನ್ನೆರಡು ದಿನಗಳು ಕಳೆದವು. ಹದಿಮೂರನೆಯ ದಿನ ಅವರು ಏಜೆಂಟರಿಗೆ ದೂರವಾಣಿ ಮಾಡಿ, ಆ ಮಹಿಳೆಯನ್ನು ಮನೆ ನೋಡಲು ಕರೆಯುವಂತೆ ಹೇಳಿದರು. ಎರಡು ದಿನಗಳ ಬಳಿಕ ಉತ್ತರ ಬಂದಿತು. ವಾಸವಿದ್ದ ಮನೆಯ ಗಡುವು ಮುಗಿದು, ಸ್ಥಳೀಯ ಆಡಳಿತದವರು ತಾಯಿ ಮಗ ಇಬ್ಬರನ್ನೂ ಬೇರೊಂದು ಊರಿನ ತಾತ್ಕಾಲಿಕ ವಸತಿಗೆ ಸ್ಥಳಾಂತರಿಸಿದ್ದರು. ಅಲ್ಲಿಂದ ಶಾಲೆಗೆ ನಿತ್ಯ ಬಂದುಹೋಗುವುದು ಅಸಾಧ್ಯವಾದುದರಿಂದ ಆಕೆ ಅಡುಗೆಮನೆಯ ಕೆಲಸವನ್ನು ಬಿಟ್ಟಿದ್ದಳು.

ಕಾಯಕವಿಲ್ಲದವರೆಂಬ ಮಾತನ್ನು ಯಜಮಾನರು ಮತ್ತೆ ಆಡಲಿಲ್ಲ. ಪತ್ನಿಯವರೂ ಅದನ್ನೆತ್ತಿ ಚುಚ್ಚಲಿಲ್ಲ.

ಥೇಮ್ಸ್ ನದಿಯ ಆಚೆ ದಡದಲ್ಲಿ, ಬಸವಣ್ಣನವರ ಪ್ರತಿಮೆ ಇರುವಲ್ಲಿಂದ ಕಾಣುವ ಪಾರ್ಲಿಮೆಂಟ್ ಭವನದಲ್ಲಿ, ಬಾಡಿಗೆದಾರರ ಹಕ್ಕುಗಳ ಕಾಯಿದೆಯು ಅಂಗೀಕಾರವಾಗಿ 2025ರ ಅಕ್ಟೋಬರ್ 27ರಂದು ದೊರೆಯ ಒಪ್ಪಿಗೆಯನ್ನು ಪಡೆಯಿತು. ಇಂಗ್ಲೆಂಡಿನಲ್ಲಿ ಸಹಾಯಧನ ಪಡೆಯುತ್ತಾರೆಂಬ ಕಾರಣಕ್ಕಾಗಲಿ, ಮಕ್ಕಳಿದ್ದಾರೆಂಬ ಕಾರಣಕ್ಕಾಗಲಿ ಮನೆಯನ್ನು ನಿರಾಕರಿಸುವುದನ್ನು ಅದು ನಿಷೇಧಿಸುತ್ತದೆ. ತಪ್ಪಿದವರಿಗೆ 7,000 ಪೌಂಡುಗಳವರೆಗೆ ದಂಡ ವಿಧಿಸಬಹುದು. 2026ರ ಮೇ 1 ಅದರ ಜಾರಿಯ ದಿನವೆಂದು ನಿಗದಿಯಾಯಿತು. ಬಾಡಿಗೆ ಕಟ್ಟುವ ಶಕ್ತಿಯುಂಟೇ ಎಂದು ವಿಚಾರಿಸುವ ಅಧಿಕಾರವು ಮನೆಯೊಡೆಯರಿಗೆ ಹಾಗೆಯೇ ಉಳಿದಿದೆ. ಬೇಡವೆನ್ನಬೇಕೆಂದು ನಿಶ್ಚಯಿಸಿದವರಿಗೆ ಆ ಬಾಗಿಲು ಸಾಕು.

ಈ ದಂಪತಿಗಳು ಕಾಯಿದೆಗಾಗಿ ಕಾಯಲಿಲ್ಲ. 2023ರ ಶರತ್ಕಾಲದಲ್ಲಿ ಅವರ ನಮೂನೆಯ ಆ ಚೌಕ ಖಾಲಿಯಾಗಿ ಹೋಯಿತು. ಮನೆಗೆ ಬಂದವರು ರಾತ್ರಿಪಾಳಿಯಲ್ಲಿ ಸರಕು ವಾಹನ ಓಡಿಸುವ ಒಬ್ಬ ತರುಣ, ಆತನ ಹೆಂಡತಿ ಮತ್ತು ಎರಡು ಚಿಕ್ಕ ಮಕ್ಕಳು. ಅವರೂ ಯೂನಿವರ್ಸಲ್ ಕ್ರೆಡಿಟ್‌ಗೆ ಆಗತಾನೆ ಅರ್ಜಿ ಹಾಕಿದ್ದವರು. ಮೊದಲ ಬಾಡಿಗೆ ಐದು ವಾರ ತಡವಾಗಿ ಬಂದಿತು. ಆ ತಿಂಗಳ ಬ್ಯಾಂಕಿನ ಕಂತನ್ನು ಯಜಮಾನರು ತಮ್ಮ ಸಂಬಳದಿಂದ ಕಟ್ಟಿದರು.