ತೊಟ್ಟಿನ ಬುಡದಲ್ಲಿ

ಬಂಗಾರಪೇಟೆಯ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಈಗ ಏಳು ಕುಂಡಗಳಿವೆ. ಏಳರಲ್ಲೂ ಇರುವುದು ಒಂದೇ ಗಿಡ. ಆಫ್ರಿಕನ್ ವಯೊಲೆಟ್ ಬೀಜದಿಂದ ಹುಟ್ಟಿದರೆ ಮಗಳು. ಎಲೆಯಿಂದ ಹುಟ್ಟಿದರೆ ತಾಯಿಯೇ ಇನ್ನೊಂದು ಕುಂಡದಲ್ಲಿ ಬಂದು ಕೂತಂತೆ. ಅದೇ ನೇರಳೆ, ಹೂವಿನ ನಡುವೆ ಅವೇ ಎರಡು ಹಳದಿ ಕಾಳು. ಎಸಳಿನ ಮೇಲೆ ಚಕ್ರದಂತೆ ಪಟ್ಟೆ ಇರುವ ಕೆಲವು ಬಗೆಗಳು ಮಾತ್ರ ಎಲೆಯಿಂದ ಹಾಗೇ ಬರುವುದಿಲ್ಲ, ಪಟ್ಟೆಯನ್ನು ಕಳೆದುಕೊಂಡುಬಿಡುತ್ತವೆ. ನನ್ನದು ಅಪ್ಪಟ ನೇರಳೆ. ಅದು ಎಲ್ಲಿಂದ ಬಂತು ಅಂತ ನೆನೆದರೆ ಚಾಂಪಿಯನ್ ರೀಫ್ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯೇ ಕಣ್ಣ ಮುಂದೆ ಬರುತ್ತದೆ.

ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲೆ ನಮ್ಮ ಗೋಡೆಗಳು ಅದುರುತ್ತಿದ್ದವು. ಊರಿನ ಬಾಯಲ್ಲಿ ಅದು ಏರ್ ಬ್ಲಾಸ್ಟ್. ಗೂಡಿನ ಪಾತ್ರೆಗಳು ಗಲಗಲ ಅಂದ ಕೂಡಲೇ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಯಾವ ಶಿಫ್ಟು ಒಳಗಿದೆ, ಯಾರ ಮನೆಯವರು ಕೆಳಗಿದ್ದಾರೆ ಅನ್ನುವ ಲೆಕ್ಕ ಮಾತ್ರ ಎಲ್ಲರ ಮುಖದಲ್ಲೂ ನಡೆಯುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಪಕ್ಕದ ಮನೆಯ ಅಕ್ಕನ ಕಿಟಕಿಯಿಂದ ಕುಂಡ ಬಿದ್ದು ಚೂರಾಯಿತು. ಅವರ ಯಜಮಾನರು ಕೆಳಗಿದ್ದರು. ಸಂಜೆ ಅವರು ಮೇಲೆ ಬಂದು, ಕೈಕಾಲು ತೊಳೆದು, ಕಾಫಿ ಕುಡಿದ ಮೇಲೇ ಅಕ್ಕ ಮಣ್ಣಿನ ಕಡೆ ನೋಡಿದ್ದು. ಗಿಡದ ನಡುವಿನ ಸುಳಿ ಉಳಿದಿತ್ತು, ಅದನ್ನು ಹಳೆಯ ಹಾಲಿನ ಪುಡಿ ಡಬ್ಬಿಯಲ್ಲಿ ನೆಟ್ಟರು. ಮುರಿದ ಎಲೆಗಳನ್ನು ಆಯ್ದು ಮನೆಗೊಂದರಂತೆ ಹಂಚಿದರು. ನನಗೂ ಒಂದು ಸಿಕ್ಕಿತು. "ಮಣ್ಣಲ್ಲಿ ಚುಚ್ಚು ಕಣ್ಣು, ಬರುತ್ತೆ," ಅಂದರು, ತಮಿಳಿನ ರಾಗದ ಕನ್ನಡದಲ್ಲಿ.

ನಾನು ಚುಚ್ಚಿದ್ದು ಸೈನೈಡ್ ದಿಬ್ಬದಿಂದ ಮಡಿಲಲ್ಲಿ ತುಂಬಿ ತಂದ ಮರಳಿನಲ್ಲಿ. ಚಿನ್ನ ತೆಗೆದುಕೊಂಡು ಉಳಿದ ಕಲ್ಲಿನ ಹುಡಿ ಅದು, ಮೈದಾ ಹಿಟ್ಟಿನಷ್ಟು ನುಣುಪು. ನೀರು ಬಿದ್ದರೆ ಗಾಳಿಯಾಡದ ಹಾಗೆ ಗಟ್ಟಿಯಾಗುತ್ತದೆ. ನಾಲ್ಕು ದಿನಕ್ಕೆ ಎಲೆ ಕರಗಿ ಕಪ್ಪಗಾಯಿತು. ಅಳುತ್ತ ಹೋದೆ. ಅಕ್ಕ ಬೈಯಲಿಲ್ಲ, ಡಬ್ಬಿಯ ಗಿಡದಿಂದ ಇನ್ನೊಂದು ಎಲೆ ಮುರಿದು ಕೊಟ್ಟರು. ಇದ್ದ ಎಲೆಗಳೇ ಐದಾರು. ಅದರಲ್ಲಿ ಒಂದನ್ನು ಕೊಟ್ಟದ್ದು ಎಂಥ ದೊಡ್ಡ ಕೈ ಅಂತ ಈಗ ಅರ್ಥವಾಗುತ್ತದೆ.

ಈಗ ನನಗೆ ಎಲೆ ಆರಿಸುವುದೇ ಒಂದು ಸುಖ. ತೀರ ಹೊರಗಿನ ಎಲೆ ಮುದಿ, ಸುಳಿಯದು ಎಳಸು; ನಡು ಸುತ್ತಿನದೇ ಸರಿ. ಹೊಸ ಬ್ಲೇಡಿನಿಂದ ತೊಟ್ಟನ್ನು ಓರೆಯಾಗಿ ಕತ್ತರಿಸುತ್ತೇನೆ, ಒಂದೂವರೆ ಇಂಚು ಉಳಿಯುವ ಹಾಗೆ. ಕತ್ತರಿಸಿದ ಜಾಗದಲ್ಲಿ ಒಂದು ಹನಿ ನೀರು ಮಿನುಗಿ ನಿಲ್ಲುತ್ತದೆ. ಅದು ಆರಲಿ ಅಂತ ಸ್ವಲ್ಪ ಹೊತ್ತು ಪೇಪರಿನ ಮೇಲೆ ಇಡುತ್ತೇನೆ. ತೆಂಗಿನ ನಾರಿನ ಪುಡಿ ಅರ್ಧ, ತೊಳೆದ ದಪ್ಪ ಮರಳು ಅರ್ಧ. ಅದರಲ್ಲಿ ಅರ್ಧ ಇಂಚಿನಷ್ಟೇ ಊರಿ, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಕವಿಚಿದರೆ ಮುಗಿಯಿತು. ಮೂರು ನಾಲ್ಕು ವಾರಕ್ಕೆ ಬೇರು. ಎಲೆಯನ್ನು ಮೆಲ್ಲಗೆ ಜಗ್ಗಿದರೆ ಮಣ್ಣು ಹಿಡಿದುಕೊಂಡಿರುವುದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಏನೂ ಕಾಣದ ದಿನಗಳು. ಎರಡು ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ತೊಟ್ಟಿನ ಬುಡದಲ್ಲಿ ಇಲಿಮರಿಯ ಕಿವಿಯಂಥ ಎರಡು ಎಲೆ, ಮೈತುಂಬ ಬೆಳ್ಳಿ ರೋಮ. ಎಷ್ಟು ಸಲ ನೋಡಿದ್ದರೂ ಮನೆಯವರನ್ನೆಲ್ಲ ಕೂಗಿ ಕರೆಯುತ್ತೇನೆ.

ನಮ್ಮ ಬೋರ್‌ವೆಲ್ ನೀರು ಇದಕ್ಕೆ ಆಗದು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿ, ಅದಕ್ಕೆ ಒರಗಿದ ತೊಟ್ಟು ಕೊಳೆಯುತ್ತದೆ. ಹಾಗಾಗಿ ಮಳೆ ಬಂದರೆ ಮೊದಲು ಬಕೆಟ್ಟು ಹೊರಗಿಡುವವಳು ನಾನು. ತಣ್ಣೀರು ಎಲೆಯ ಮೇಲೆ ಬಿದ್ದರೂ ಕಲೆ, ತಟ್ಟೆಯಲ್ಲಿಟ್ಟು ಕೆಳಗಿನಿಂದಲೇ ಕುಡಿಸಬೇಕು. ಈ ಸೂಕ್ಷ್ಮಕ್ಕೆ ಅದರ ತವರು ಕಾರಣ. ಈಗಿನ ತಾಂಜಾನಿಯಾದ ಉಸಂಬರಾ ಬೆಟ್ಟಗಳಲ್ಲಿ, ಮರಗಳ ನೆರಳಿನ ತೇವದ ಬಂಡೆಗಳಿಗೆ ಅಂಟಿಕೊಂಡು ಬೆಳೆದದ್ದು ಇದು. ಅಲ್ಲಿ ಅಧಿಕಾರಿಯಾಗಿದ್ದ ಜರ್ಮನಿಯ ವಾಲ್ಟರ್ ಫಾನ್ ಸೇಂಟ್ ಪಾಲ್ 1892ರಲ್ಲಿ ಇದನ್ನು ಊರಿನಲ್ಲಿದ್ದ ತಂದೆಗೆ ಕಳಿಸಿದನಂತೆ. ದೂರದ ಊರಿನಿಂದ ಮಗ ಅಪ್ಪನಿಗೆ ಇದನ್ನು ಕಳಿಸಿದ ಅನ್ನುವ ಆ ಸಂಗತಿ ನನಗೆ ತುಂಬ ಹಿಡಿಸಿದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಲೈನಿನಲ್ಲಿ ಒಂದೊಂದೇ ಮನೆ ಖಾಲಿಯಾಯಿತು. ದುಡಿಯುವ ವಯಸ್ಸಿನವರು ಮಾರಿಕುಪ್ಪಂ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿ ಬರತೊಡಗಿದರು; ಕೆಲವರು ಅಲ್ಲೇ ಉಳಿದರು. ಅಕ್ಕನೂ ಮಗನ ಮನೆಗೆ ಹೋದರು. ಡಬ್ಬಿಯ ಗಿಡ ಆ ಸಾಗಾಟದಲ್ಲಿ ಉಳಿಯಲಿಲ್ಲ ಅಂತ ಬಹಳ ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಹೇಳಿದರು.

ಹೋದ ತಿಂಗಳು ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮೂರು ಎಲೆ ಮಲಗಿಸಿಕೊಂಡು ಬೆಳಗಿನ ರೈಲು ಹತ್ತಿದೆ. ನಿಂತುಕೊಂಡೇ ಪಯಣ, ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದೆ. ಅಕ್ಕನ ಕಣ್ಣು ಈಗ ಮಂಜು. ಮುಚ್ಚಳ ತೆಗೆದು ಕೊಟ್ಟೆ. ಎಲೆಯನ್ನು ಹೆಬ್ಬೆರಳಿನಿಂದ ಸವರಿದರು, ತಿರುವಿ ಕೆಳಗಿನ ನರಗಳನ್ನು ಸವರಿದರು. "ಕುಂಡ ಬಿತ್ತಲ್ಲ ಅವತ್ತು," ಅಂದರು. ಆಮೇಲೆ ಸೊಸೆಯನ್ನು ಕರೆದು, ಹಾಲಿನ ಪುಡಿ ಡಬ್ಬಿ ಯಾವುದಾದರೂ ಖಾಲಿ ಇದೆಯಾ ನೋಡಮ್ಮ ಅಂದರು.