ಸಿಡಿ ಕೈ ಬದಲಾಗುತ್ತಿದ್ದ ದಿನಗಳು

ಹಳೇ ಗೇಮ್ ಸಿಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ನೇರವಾಗಿ ಹಿಡಿದರೆ ನಮ್ಮ ಮುಖ ಕಾಣುತ್ತದೆ, ಗೀರು ಕಾಣುವುದಿಲ್ಲ. ನಡುವಿನ ತೂತಿನಿಂದ ಅಂಚಿನ ಕಡೆಗೆ ಹೋಗಿರುವ ಗೀರಿನಿಂದ ಅಷ್ಟು ಭಯವಿಲ್ಲ. ಸಿಡಿ ತಿರುಗುವ ದಿಕ್ಕಿನಲ್ಲೇ ಬಳೆಯ ಹಾಗೆ ಎದ್ದ ಗೀರು ಮಾತ್ರ ಆಟವನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತದೆ. ಆಮೇಲೆ ಅದನ್ನೇ ಬೆಳಕಿಗೆ ಎದುರು ಹಿಡಿಯಬೇಕು. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಮೇಲಿನ ಪದರ ಕಿತ್ತಿದೆ ಎಂದೇ ಲೆಕ್ಕ, ಅಂಥದ್ದನ್ನು ಕೊಳ್ಳುವಂತಿಲ್ಲ. ಒರೆಸುವಾಗ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಎಳೆಯಬೇಕು, ಸುತ್ತ ತಿರುವಬಾರದು.

2005ರಿಂದ 2021ರವರೆಗೆ ಬೆಂಗಳೂರಿನ ಜಯನಗರದ ಒಂದು ಸಣ್ಣ ಗೇಮ್ ಅಂಗಡಿಯಲ್ಲಿ ನಾನು ಮಾಡಿದ ಕೆಲಸದಲ್ಲಿ ಅರ್ಧ ಇದೇ. ಉಳಿದರ್ಧ, ಹುಡುಗರ ಜೊತೆ ಚೌಕಾಸಿ.

ಆಗ ಊರಿನಲ್ಲಿ ಆಟ ಬೇಕೆಂದವರು ಮೊದಲು ಹೋಗುತ್ತಿದ್ದದ್ದು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಗೆ. ಅಲ್ಲಿ ನಕಲಿ ಡಿವಿಡಿಗಳು ನೂರು, ನೂರೈವತ್ತಕ್ಕೆಲ್ಲ ಸಿಗುತ್ತಿದ್ದವು. ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2) ಯಂತ್ರಕ್ಕೆ ಚಿಪ್ ಹಾಕಿಸಿಕೊಂಡರೆ ಅವೆಲ್ಲ ಓಡುತ್ತಿದ್ದವು. ನಮ್ಮ ಅಂಗಡಿ ಯಜಮಾನರು ಒರಿಜಿನಲ್ ಬಿಟ್ಟು ಬೇರೆ ಮಾರುವುದಿಲ್ಲ ಎಂದು ಹಟ ಹಿಡಿದಿದ್ದರು. ಒರಿಜಿನಲ್ ಪಿಎಸ್3 ಆಟಕ್ಕೆ ಎರಡೂವರೆ ಸಾವಿರ. ಮೇಷ್ಟರ ಮಗ, ಆಟೋ ಓಡಿಸುವವರ ಮಗ ಅಷ್ಟು ಹಣ ಎಲ್ಲಿಂದ ತರಬೇಕು? ಅದಕ್ಕೆ ಉತ್ತರವೇ ಎಕ್ಸ್‌ಚೇಂಜ್. ತಿಂಗಳೊಳಗೆ ಆಟ ಮುಗಿಸಿ ತಂದರೆ ಸಾವಿರದ ಐನೂರು ವಾಪಸ್. ನಾವು ಅದನ್ನು ಸಾವಿರದ ಎಂಟುನೂರಕ್ಕೆ ಇನ್ನೊಬ್ಬನಿಗೆ ಕೊಡುತ್ತಿದ್ದೆವು. ಅವನೂ ತರುತ್ತಿದ್ದ.

ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಪ್ರತಿ ಸಿಡಿಗೂ ಒಂದು ನಂಬರು ಕೊಟ್ಟಿದ್ದೆವು. ಡಬ್ಬದ ಬೆನ್ನಿಗೆ ಅದೇ ನಂಬರಿನ ಸಣ್ಣ ಚೀಟಿ. 2010ರಲ್ಲಿ ಬಂದ ‘ಗಾಡ್ ಆಫ್ ವಾರ್ 3’ರ ಒಂದು ಪ್ರತಿ ನನಗೆ ಚೆನ್ನಾಗಿ ನೆನಪಿದೆ. ಅದರ ನಂಬರು 212. ಬನಶಂಕರಿಯ ಒಬ್ಬ ಪಿಯುಸಿ ಹುಡುಗ ಹೊಸದಾಗಿ ಕೊಂಡ. ಅಲ್ಲಿಂದ ಮೂರು ವರ್ಷದಲ್ಲಿ ಹನ್ನೊಂದು ಕೈ ದಾಟಿತು. ಡಬ್ಬದ ಒಂದು ಮೂಲೆ ಸೀಳಿತ್ತು, ಒಳಗಿನ ಪುಸ್ತಿಕೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಒಂದು ಒಗಟಿನ ಉತ್ತರ ಬರೆದಿಟ್ಟಿದ್ದರು. ಮುಂದೆ ಆಡುವವನಿಗೆ ಸಹಾಯವಾಗಲಿ ಎಂದು. ಕೊನೆಗೆ ಅದನ್ನು ಆರುನೂರು ರೂಪಾಯಿಗೆ ಕೊಂಡದ್ದು ಮೊದಲು ಮಾರಿದ ಆ ಬನಶಂಕರಿಯ ಹುಡುಗನೇ. ಆ ಹೊತ್ತಿಗೆ ಎಂಜಿನಿಯರಿಂಗ್ ಮುಗಿಸುತ್ತಿದ್ದ. ತಮ್ಮನಿಗೆ ಬೇಕು ಎಂದ.

ಹೀಗೆ ಹಳೇ ಸಿಡಿ ತಿರುಗಿದರೆ ಆಟ ಮಾಡಿದವರಿಗೆ ಕಾಸು ಸಿಗುವುದಿಲ್ಲ ಎಂದು ಕಂಪನಿಗಳು ದೂರುತ್ತಿದ್ದವು. ನಾನು ಕೌಂಟರಿನ ಹಿಂದೆ ಕೂತು ಕಂಡದ್ದು ಬೇರೆ. ಹಳೆಯದು ಕೊಟ್ಟು ಸಿಕ್ಕ ಸಾವಿರದ ಐನೂರಕ್ಕೆ ಮತ್ತೊಂದು ಸಾವಿರ ಸೇರಿಸಿ ಹುಡುಗ ಹೊಸದನ್ನೇ ಕೊಳ್ಳುತ್ತಿದ್ದ. ಎಕ್ಸ್‌ಚೇಂಜ್ ಇಲ್ಲದಿದ್ದರೆ ಅವನು ನೇರ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದ.

ಹೀಗೆ ಕೈ ಬದಲಾಗುವುದಕ್ಕೆ ಬೀಗ ಮೊದಲು ಬಿದ್ದದ್ದು ಕಂಪ್ಯೂಟರ್ ಆಟಗಳಲ್ಲಿ. 2004ರ ನವೆಂಬರಿನಲ್ಲಿ ಬಂದ ‘ಹಾಫ್ ಲೈಫ್ 2’ ಆಡಬೇಕಾದರೆ, ಅಂಗಡಿಯಲ್ಲಿ ಡಬ್ಬ ಕೊಂಡಿದ್ದರೂ, ಸ್ಟೀಮ್ ಎಂಬ ಆನ್‌ಲೈನ್ ಸೇವೆಯಲ್ಲಿ ಖಾತೆ ತೆರೆದು ಅದಕ್ಕೆ ಆಟವನ್ನು ಕಟ್ಟಬೇಕಿತ್ತು. ಬರಬರುತ್ತಾ ಬೇರೆಯವರೂ ಇದನ್ನೇ ಹಿಡಿದರು. ಒಂದು ಸಲ ಒಬ್ಬ ಹುಡುಗ ಡಬ್ಬ ತಂದ. ಸಿಡಿಯ ಮೇಲೆ ಒಂದು ಗೀರಿಲ್ಲ. ಆದರೆ ಆಟ ತೆರೆಯುವ ಕೀ ಬೇರೊಬ್ಬರ ಖಾತೆಗೆ ಅಂಟಿಕೊಂಡಿತ್ತು. ಕೈಯಲ್ಲಿ ಹೊಸದರಂತೆ ಹೊಳೆಯುವ ವಸ್ತು, ಬೆಲೆ ಸೊನ್ನೆ. ಅದನ್ನು ಅವನಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಪಿಸಿ ಆಟಗಳ ಎಕ್ಸ್‌ಚೇಂಜನ್ನು ಯಜಮಾನರು ನಿಲ್ಲಿಸಿದರು.

2013ರ ಜೂನ್ ತಿಂಗಳು ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಎಕ್ಸ್‌ಬಾಕ್ಸ್ ಒನ್ ಎಂಬ ಹೊಸ ಆಟದ ಯಂತ್ರ ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಹೋಗಿ ಹಾಜರಿ ಹಾಕಬೇಕು, ಹಳೇ ಆಟದ ಮಾರಾಟಕ್ಕೂ ಕಟ್ಟುಪಾಡು ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಸೋನಿಯವರು ಒಂದು ಪುಟ್ಟ ವಿಡಿಯೋ ಬಿಟ್ಟರು. ಪಿಎಸ್4ರಲ್ಲಿ ಆಟ ಹಂಚಿಕೊಳ್ಳುವುದು ಹೇಗೆ ಎಂದು ತೋರಿಸುವಂಥದ್ದು. ಒಬ್ಬರು ಇನ್ನೊಬ್ಬರ ಕೈಗೆ ಡಬ್ಬ ಕೊಡುತ್ತಾರೆ. ಅಷ್ಟೇ, ಮುಗಿಯಿತು. ಕಂಪ್ಯೂಟರಿನ ಮುಂದೆ ಗುಂಪಾಗಿ ನಿಂತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಗ್ರಾಹಕರ ಗಲಾಟೆಗೆ ಮಣಿದು ಮೈಕ್ರೋಸಾಫ್ಟ್ ಅದೇ ತಿಂಗಳು ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ಜನ ಒಟ್ಟಾಗಿ ಬೇಡ ಎಂದರೆ ಎಷ್ಟು ದೊಡ್ಡ ಕಂಪನಿಯೂ ಕೇಳುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ ಅದು.

ಗೆದ್ದೆವು ಅಂದುಕೊಂಡೆವು. 2015ರಲ್ಲಿ ಕಂಪ್ಯೂಟರಿಗೆ ‘ಜಿಟಿಎ 5’ ಬಂದಾಗ ಡಬ್ಬದಲ್ಲಿ ಏಳು ಡಿವಿಡಿಗಳಿದ್ದವು. ಒಂದೊಂದಾಗಿ ಹಾಕುತ್ತಾ ಕೂತರೆ ಒಂದು ಮಧ್ಯಾಹ್ನ ಪೂರ್ತಿ ಕಳೆಯುತ್ತಿತ್ತು. ಅದೇ ವರ್ಷ ನವೆಂಬರಿನಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಜಿಯೋ. ಏಳು ಡಿವಿಡಿ ಯಾರಿಗೆ ಬೇಕು? ಕಲಬುರಗಿಯಿಂದ, ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಬರುತ್ತಿದ್ದ ಹುಡುಗರು ಬರುವುದು ನಿಂತಿತು. ಡೌನ್‌ಲೋಡ್ ಬಂದದ್ದನ್ನು ನಾನು ಕೆಟ್ಟದ್ದು ಎನ್ನುವುದಿಲ್ಲ. ಅಂಗಡಿಯೇ ಇಲ್ಲದ ಊರಿನಲ್ಲಿ ಕೂತು ಆಡುವಂತಾಯಿತು, ಹಬ್ಬದ ರಿಯಾಯಿತಿಯಲ್ಲಿ ಅಗ್ಗಕ್ಕೂ ಸಿಕ್ಕಿತು. ತಕರಾರು ಒಂದೇ. ಗುಂಡಿಯ ಮೇಲೆ ‘ಕೊಳ್ಳಿ’ ಎಂದಿರುತ್ತದೆ, ಒಪ್ಪಿಗೆಯ ಉದ್ದ ಪತ್ರದ ಒಳಗೆ ‘ನಿಮಗೆ ಕೊಟ್ಟಿರುವುದು ಪರವಾನಗಿ ಮಾತ್ರ’ ಎಂದಿರುತ್ತದೆ. ನಮ್ಮಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡರೂ ಬಿಡುವಾಗ ಇಟ್ಟ ಹಣ ಕೈಗೆ ಬರುತ್ತದೆ. ಇಲ್ಲಿ ಪೂರ್ತಿ ಕ್ರಯದ ಬೆಲೆ ತೆಗೆದುಕೊಂಡು ಭೋಗ್ಯಕ್ಕಿಂತ ಕಡಿಮೆ ಹಕ್ಕು ಕೊಡುತ್ತಾರೆ.

ನನಗೇ ಆದದ್ದು ಹೇಳುತ್ತೇನೆ. ಹಳೇ ಮೊಬೈಲ್ ನಂಬರು ಹೋಯಿತು, ಒಂದು ಖಾತೆ ತೆರೆಯದಾಯಿತು. ಒಳಗೆ ಮೂವತ್ತೆಂಟು ಆಟ. ರಸೀದಿಗಳ ಇಮೇಲನ್ನೆಲ್ಲ ಕಂಪನಿಗೆ ಕಳಿಸಿದೆ. ಎರಡು ತಿಂಗಳು ಬರೆದರೂ ಅದೇ ಅಚ್ಚು ಹಾಕಿದ ಉತ್ತರ. ಅಂಗಡಿಯಾಗಿದ್ದರೆ ಬಾಗಿಲಿಗೆ ಹೋಗಿ ನಿಂತು ಕೇಳಬಹುದಿತ್ತು.

ಕೊನೆಯ ವರ್ಷಗಳಲ್ಲಿ ಡಬ್ಬದೊಳಗಿನ ಸಿಡಿಯೂ ಟೊಳ್ಳಾಗುತ್ತಾ ಬಂತು. ಹಾಕಿದ ಕೂಡಲೇ ನಲವತ್ತು, ಐವತ್ತು ಜಿಬಿ ಇಳಿಸಿಕೊಳ್ಳಬೇಕು. 2021ರಲ್ಲಿ ಒಬ್ಬ ತಂದೆ ಮಗನ ಹುಟ್ಟುಹಬ್ಬಕ್ಕೆಂದು ನಮ್ಮಲ್ಲಿ ಎರಡು ಡಿಸ್ಕ್ ಕೊಂಡರು. ಮರುದಿನ ವಾಪಸ್ ತಂದರು. ಬೇರೆಡೆ ಅವರು ಕೊಂಡಿದ್ದ ಯಂತ್ರಕ್ಕೆ ಡಿಸ್ಕ್ ಹಾಕುವ ಬಾಯಿಯೇ ಇರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಯಜಮಾನರು ಪೂರ್ತಿ ಹಣ ಎಣಿಸಿ ಕೊಟ್ಟರು, ಆಮೇಲೆ ನನ್ನ ಕಡೆ ತಿರುಗಿ ‘ಡಿಸೆಂಬರಿಗೆ ಬಾಗಿಲು ಹಾಕೋಣ’ ಎಂದರು. ಹಾಕಿದೆವು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಟೊಳ್ಳಾಗುವುದು ಮಾತ್ರ ನಿಂತಿಲ್ಲ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಇಳಿಸಿಕೊಳ್ಳಲು ಬೇಕಾದ ಕೀ ಮಾತ್ರ. ಅದನ್ನಾದರೂ ಮಾರಬಹುದು, ಎರವಲು ಕೊಡಬಹುದು ಎಂಬುದು ಸಮಾಧಾನ. ಆದರೆ ಇಳಿಸಿಕೊಡುವ ಸರ್ವರ್ ನಿಂತ ದಿನ ಆ ಕಾರ್ಡಿನಿಂದ ಆಟವನ್ನು ಹೊಸದಾಗಿ ಇಳಿಸಿಕೊಳ್ಳಲಾಗುವುದಿಲ್ಲ.

ಸರ್ವರ್ ನಿಂತರೆ ಏನಾಗುತ್ತದೆ ಎಂಬುದಕ್ಕೆ ‘ದಿ ಕ್ರೂ’ ಎಂಬ ಕಾರ್ ಆಟ ಇದೆ. ಯೂಬಿಸಾಫ್ಟ್ 2014ರಲ್ಲಿ ತಂದದ್ದು. ಒಬ್ಬನೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಡೌನ್‌ಲೋಡ್ ಮಾಡಿಕೊಂಡವರಿಗೂ ಹೋಯಿತು, ಡಿಸ್ಕ್ ಇದ್ದವರಿಗೂ ಹೋಯಿತು. ಇದನ್ನು ಕಂಡು ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರು ಮಾಡಿದರು. ಬೆಂಬಲ ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಅವರ ಬೇಡಿಕೆ. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ನಮ್ಮ ದೇಶದಲ್ಲೂ ಕನಿಷ್ಠ ಇಷ್ಟು ಬರಬೇಕು. ಬಾಡಿಗೆಯಾದರೆ ಬಾಡಿಗೆ ಎನ್ನಲಿ, ಬಾಡಿಗೆಯ ಬೆಲೆ ಕೇಳಲಿ.

ಈ ದೇಶದ ಕಾನೂನಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ ಎಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಡಿಜಿಟಲ್ ಉತ್ಪನ್ನಗಳ ಕೊಡುಕೊಳ್ಳುವಿಕೆಯನ್ನೂ ಇ-ಕಾಮರ್ಸ್ ಎಂದು ಕರೆದಿದೆ. ಗ್ರಾಹಕನಿಗೆ ಅನ್ಯಾಯವಾಗುವಂಥ ಏಕಪಕ್ಷೀಯ ಕರಾರನ್ನು ರಾಜ್ಯ ಗ್ರಾಹಕ ಆಯೋಗದಲ್ಲಿ ಪ್ರಶ್ನಿಸಲು ಅದರಲ್ಲಿ ಅವಕಾಶವಿದೆ. ಸೇವೆಯ ಲೋಪದ ದೂರಾದರೆ, ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ವಕೀಲರು ಕಡ್ಡಾಯವಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಆ ಲೆಕ್ಕದ ಪುಸ್ತಕವನ್ನು ಯಜಮಾನರು ನನಗೇ ಕೊಟ್ಟರು. ಅದರಲ್ಲಿರುವ ಎಷ್ಟೋ ಹುಡುಗರಿಗೆ ಈಗ ಮೂವತ್ತು ದಾಟಿದೆ, ಅವರ ಮಕ್ಕಳು ಪರದೆಯ ಮೇಲಿನ ಗುಂಡಿ ಒತ್ತಿ ಐದು ಸಾವಿರದ ಆಟ ಕೊಳ್ಳುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆಟ ಕೊಂಡ ರಸೀದಿಗಳನ್ನು ತೆಗೆದಿಡಿ. ಹಣ ಕೊಟ್ಟ ಆಟ ಕೈತಪ್ಪಿದ ದಿನ ಸುಮ್ಮನಾಗಬೇಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.